ಬೆಳಕಿನ ಸೈನ್ಯಕ್ಕೆ ಒಡೆಯ ಯಾರು?

2024ರ ಕೊನೆಯ ಮೂರು ತಿಂಗಳಲ್ಲಿ ಬಂದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ‘ಹೊಲೊಲೆನ್ಸ್ 2’ ತಯಾರಿಕೆಯನ್ನು ನಿಲ್ಲಿಸಿದ ಸುದ್ದಿ ಹೊರಬಿತ್ತು. ತಲೆಗೆ ಧರಿಸಿದರೆ, ಖಾಲಿ ಮೇಜಿನ ಮೇಲೂ ವಸ್ತುಗಳು ಇರುವಂತೆ ಕಾಣಿಸುವ ಸಾಧನ ಅದು. 2019ರಲ್ಲಿ ಬಂದಾಗ ಅದರ ಬೆಲೆ 3,500 ಡಾಲರ್. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ‘ಗೇಮ್ಸ್ ವರ್ಕ್‌ಶಾಪ್’ ಕಂಪನಿ, ಲಂಡನ್ ಷೇರುಪೇಟೆಯ ಅತಿದೊಡ್ಡ ಕಂಪನಿಗಳ ಪಟ್ಟಿಯಾದ ಎಫ್‌ಟಿಎಸ್‌ಇ 100ಕ್ಕೆ ಸೇರಿತು. ಈ ಕಂಪನಿ ಮುಖ್ಯವಾಗಿ ಮಾರುವುದು ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು!

ಬೆಳಕಿನ ಬೊಂಬೆ ತೋರಿಸುವ ಸಾಧನ ಹಿಂದೆ ಸರಿಯಿತು, ಪ್ಲಾಸ್ಟಿಕ್ ಬೊಂಬೆ ಮುಂದೆ ಹೋಯಿತು. ಹಾಗಂತ ಹೊಲೊಗ್ರಾಂ ಕಥೆ ಮುಗಿಯಿತು ಎಂದು ತೀರ್ಮಾನಿಸುವುದು ಅವಸರವಾದೀತು. ಒಂದಲ್ಲ ಒಂದು ರೂಪದಲ್ಲಿ ಅದು ಆಟದ ಮೇಜಿಗೆ ಬಂದೇ ಬರುತ್ತದೆ. ಬಂದಾಗ ಆಟದಲ್ಲಿ ಏನು ಬದಲಾಗುತ್ತದೆ, ಏನು ನಮ್ಮ ಕೈಯಿಂದ ಜಾರಿಹೋಗಬಹುದು ಎಂಬುದು ಯೋಚಿಸಬೇಕಾದ ಸಂಗತಿ.

ಮನೆಗಳಿಲ್ಲದ ಆಟ

ಚೌಕಾಬಾರ, ಪಗಡೆ ಆಡಿದವರಿಗೆ ಕಾಯಿಯೂ ದಾಳವೂ ಹೊಸದಲ್ಲ. ಆದರೆ ಮಿನಿಯೇಚರ್ ವಾರ್‌ಗೇಮ್‌ನಲ್ಲಿ ಮನೆಗಳೇ ಇರುವುದಿಲ್ಲ. ದೊಡ್ಡ ಮೇಜಿನ ಮೇಲೆ ಪುಟ್ಟ ಗುಡ್ಡ, ಪಾಳುಗೋಡೆ, ಕಾಡು ಜೋಡಿಸಿಟ್ಟಿರುತ್ತಾರೆ. ಇಬ್ಬರು ಆಟಗಾರರು ತಂತಮ್ಮ ಸೈನ್ಯದ ಬೊಂಬೆಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಸೈನಿಕ ಎಷ್ಟು ದೂರ ನಡೆಯಬಹುದು, ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಟೇಪ್ ಹಿಡಿದು ಇಂಚಿನ ಲೆಕ್ಕದಲ್ಲಿ ಅಳೆಯುತ್ತಾರೆ. ಗುರಿ ತಪ್ಪಿತೋ ತಾಗಿತೋ ಎಂಬುದನ್ನು ದಾಳ ಹೇಳುತ್ತದೆ. ಶತ್ರು ಕಾಣಿಸುತ್ತಾನೋ ಇಲ್ಲವೋ ಎಂದು ತಿಳಿಯಲು ಆಟಗಾರರು ಬಗ್ಗಿ, ಬೊಂಬೆಯ ಕಣ್ಣಿನ ಮಟ್ಟದಿಂದ ಇಣುಕಿ ನೋಡುತ್ತಾರೆ. ಒಂದು ಪಂದ್ಯ ಮುಗಿಯಲು ಎರಡು, ಮೂರು ಗಂಟೆ ಬೇಕು.

ಇದರ ಬೇರು ಇರುವುದು ಸೇನಾ ತರಬೇತಿಯಲ್ಲಿ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆ ಆರಂಭಿಸಿದ್ದ ‘ಕ್ರೀಗ್‌ಸ್ಪೀಲ್’ ಎಂಬ ಆಟವನ್ನು ತಿದ್ದಿ ಸೇನೆಯ ಮುಂದಿಟ್ಟ. ಅಧಿಕಾರಿಗಳು ನಕ್ಷೆಯ ಮೇಲೆ ತುಂಡುಗಳನ್ನು ಸರಿಸಿ ಯುದ್ಧ ಕಲಿತರು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟಿಕೆ ಸೈನಿಕರನ್ನಿಟ್ಟುಕೊಂಡು ಮನೆಯಲ್ಲೇ ಆಡುವ ನಿಯಮ ಕೊಟ್ಟ. ಗೇಮ್ಸ್ ವರ್ಕ್‌ಶಾಪ್‌ನ ‘ವಾರ್‌ಹ್ಯಾಮರ್’ ಬಂದದ್ದು 1983ರಲ್ಲಿ, ಅದರ ಭವಿಷ್ಯಲೋಕದ ಅವತಾರ ‘ವಾರ್‌ಹ್ಯಾಮರ್ 40,000’ ಬಂದದ್ದು 1987ರಲ್ಲಿ. ಇಂದು ಈ ಹವ್ಯಾಸದ ಅತಿದೊಡ್ಡ ಹೆಸರು ಅದೇ.

ಯಾವುದು ಹೊಲೊಗ್ರಾಂ?

1947ರಲ್ಲಿ ಡೆನಿಸ್ ಗಾಬೊರ್ ಎಂಬ ಹಂಗೇರಿ ಮೂಲದ ವಿಜ್ಞಾನಿ ಹೊಲೊಗ್ರಫಿಯ ತತ್ವ ಕಂಡುಹಿಡಿದರು. 1971ರಲ್ಲಿ ಅವರಿಗೆ ನೊಬೆಲ್ ಬಂತು. ಸಾಮಾನ್ಯ ಫೋಟೊ ಬೆಳಕು ಎಷ್ಟು ಪ್ರಖರವಾಗಿದೆ ಎಂಬುದನ್ನಷ್ಟೇ ದಾಖಲಿಸುತ್ತದೆ. ಹೊಲೊಗ್ರಾಂ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ಮೂಡಿಸುವ ವಿನ್ಯಾಸವನ್ನೇ ದಾಖಲಿಸುತ್ತದೆ. ಹಾಗಾಗಿ ತಲೆ ಅತ್ತಿತ್ತ ಸರಿಸಿದರೆ ವಸ್ತುವಿನ ಬೇರೆ ಬೇರೆ ಮಗ್ಗುಲು ಕಾಣುತ್ತದೆ.

ಜನರ ಬಾಯಲ್ಲಿ ‘ಹೊಲೊಗ್ರಾಂ’ ಎಂದರೆ ಇಷ್ಟೇ ಅಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ನರೇಂದ್ರ ಮೋದಿ ಅವರು ಒಂದೇ ಸಮಯಕ್ಕೆ ಹಲವು ವೇದಿಕೆಗಳಲ್ಲಿ ಕಾಣಿಸಿಕೊಂಡ ‘ತ್ರೀಡಿ ಸಭೆ’ಗಳು ನೆನಪಿರಬಹುದು. ಅದರ ಹಿಂದಿದ್ದದ್ದು ‘ಪೆಪರ್ಸ್ ಘೋಸ್ಟ್’ ಎಂಬ ಹಳೆಯ ತಂತ್ರ. ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯ ಮೇಲೆ ಬಿಂಬ ಮೂಡಿಸುವ ಈ ಉಪಾಯವನ್ನು ಲಂಡನ್ನಿನ ರಂಗಭೂಮಿ 1860ರ ದಶಕದಲ್ಲೇ ಬಳಸಿತ್ತು.

ಆಟಗಾರರ ಕನಸಿನ ಹೊಲೊಗ್ರಾಂ ಇನ್ನೊಂದು ಬಗೆಯದು. 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಗಗನನೌಕೆಯ ದುಂಡು ಮೇಜಿನ ಮೇಲೆ ಬೆಳಕಿನ ಪ್ರಾಣಿಗಳು ಕಾದಾಡುವ ಚದುರಂಗವಿದೆ. ಅಂದಿನಿಂದ ಅದನ್ನು ನಿಜ ಮಾಡಲು ಹೊರಟವರಿಗೆ ಲೆಕ್ಕವಿಲ್ಲ. ಅವರಲ್ಲಿ ಆಟದ ಮೇಜಿಗೆ ಅತಿ ಹತ್ತಿರ ಬಂದವರು ಅಮೆರಿಕದ ಎಂಜಿನಿಯರ್ ಜೆರಿ ಎಲ್ಸ್‌ವರ್ತ್. ಅವರ ‘ಕಾಸ್ಟ್‌ಎಆರ್’ ಯೋಜನೆಗೆ 2013ರಲ್ಲಿ ಜನರಿಂದಲೇ 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಂತು. ಆದರೆ 2017ರಲ್ಲಿ ಆ ಕಂಪನಿ ಮುಚ್ಚಿತು. ಅವರು ಛಲ ಬಿಡದೆ ‘ಟಿಲ್ಟ್ ಫೈವ್’ ಹೆಸರಿನಲ್ಲಿ 2019ರಲ್ಲಿ ಮತ್ತೆ ಜನರ ಬಳಿ ಬಂದರು.

ಇದರ ತಂತ್ರ ಸರಳ. ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗ ವಾಹನದ ದೀಪ ಬಿದ್ದ ಕೂಡಲೇ ಫಲಕಗಳು ಹೊಳೆಯುತ್ತವೆ ಅಲ್ಲವೇ? ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುವ ಹಾಳೆ ಅದು. ಟಿಲ್ಟ್ ಫೈವ್‌ನ ಆಟದ ಹಾಸೂ ಅದೇ ಗುಣದ್ದು. ಕನ್ನಡಕದಲ್ಲಿರುವ ಎರಡು ಪುಟ್ಟ ಪ್ರೊಜೆಕ್ಟರ್‌ಗಳು ಹಾಸಿನ ಮೇಲೆ ಚಿತ್ರ ಬಿಡುತ್ತವೆ, ಅದು ಅದೇ ಕನ್ನಡಕದ ಕಡೆಗೇ ಮರಳುತ್ತದೆ. ಹಾಗಾಗಿ ಒಂದೇ ಹಾಸಿನ ಸುತ್ತ ಕೂತ ಪ್ರತಿಯೊಬ್ಬರಿಗೂ ಅವರವರ ಕೋನದ ದೃಶ್ಯ ಕಾಣುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇದೂ ಗಾಬೊರ್ ಅವರ ಹೊಲೊಗ್ರಾಂ ಅಲ್ಲ. ಆದರೆ ಆಟಗಾರನಿಗೆ ಬೇಕಾದ ಕೆಲಸ ಇದರಿಂದ ಆಗುತ್ತದೆ.

ಬೆಳಕು ಕೊಡುವ ಲಾಭ

ಮೊದಲ ಲಾಭ ತಕರಾರು ತಪ್ಪುವುದು. ಆರು ಇಂಚೋ ಆರೂಕಾಲೋ, ಗೋಡೆಯ ಮರೆಯಿಂದ ಸೈನಿಕ ಕಂಡನೋ ಇಲ್ಲವೋ ಎಂಬ ವಾದಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ಬಗೆಹರಿಸುತ್ತದೆ. ನೂರಾರು ಪುಟಗಳ ನಿಯಮ ಪುಸ್ತಕ ತಿರುವಿಹಾಕುವುದೂ ತಪ್ಪುತ್ತದೆ. ಹೊಸಬರು ಹೆದರಿ ದೂರ ಉಳಿಯುವುದು ಈ ನಿಯಮಗಳಿಗೇ.

ಎರಡನೆಯದು ಜಾಗ ಮತ್ತು ಜೊತೆ. ಪೂರ್ಣ ಸೈನ್ಯ ಕಟ್ಟಲು ನೂರಾರು ಪೌಂಡ್ ಬೇಕು, ಬೊಂಬೆಗಳನ್ನಿಡಲು ಕಪಾಟು ಬೇಕು, ಜೊತೆಗೆ ಆಡಲು ಊರಲ್ಲೇ ಒಬ್ಬರಾದರೂ ಬೇಕು. ಹಾಸ್ಟೆಲ್ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಈ ಮೂರೂ ಸಿಗುವುದು ಕಷ್ಟ. ಬೆಳಕಿನ ಸೈನ್ಯಕ್ಕೆ ಕಪಾಟು ಬೇಡ. ಎದುರಾಳಿ ಬೇರೆ ದೇಶದಲ್ಲಿದ್ದರೂ ಆಡಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೇಜಿನ ಮೇಲೆ ಬೊಂಬೆ ನಿಲ್ಲಿಸಿದ ಮೇಲೆ ಗುಟ್ಟು ಉಳಿಯುವುದಿಲ್ಲ. ಶತ್ರುವಿನ ಇಡೀ ಸೈನ್ಯ ಕಣ್ಣೆದುರೇ ಇರುತ್ತದೆ. ನಿಜವಾದ ಯುದ್ಧದಲ್ಲಿ ಗುಡ್ಡದಾಚೆ ಯಾರಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ಕ್ರೀಗ್‌ಸ್ಪೀಲ್‌ನಲ್ಲಿ ತೀರ್ಪುಗಾರನೊಬ್ಬ ಇರುತ್ತಿದ್ದ. ಯಾರಿಗೆ ಎಷ್ಟು ಕಾಣಬೇಕೋ ಅಷ್ಟನ್ನೇ ಅವನು ತೋರಿಸುತ್ತಿದ್ದ. ಒಬ್ಬೊಬ್ಬರಿಗೂ ಬೇರೆ ಬೇರೆ ದೃಶ್ಯ ತೋರಿಸಬಲ್ಲ ಕನ್ನಡಕ ಈ ತೀರ್ಪುಗಾರನ ಕೆಲಸ ಮಾಡಬಲ್ಲದು. ಎದುರಾಳಿ ಅಡಗಿಸಿಟ್ಟ ತುಕಡಿ ಅವನಿಗೆ ಮಾತ್ರ ಕಾಣುವ ಆಟವನ್ನು ಪ್ಲಾಸ್ಟಿಕ್ ಬೊಂಬೆ ಅಷ್ಟು ಸುಲಭವಾಗಿ ಕೊಡಲಾರದು.

ಕೈಕೆಲಸದ ಬೆಲೆ

ಇಷ್ಟೆಲ್ಲ ಇದ್ದರೂ ಜನ ಪ್ಲಾಸ್ಟಿಕ್ ಸೈನಿಕರನ್ನೇ ಏಕೆ ಕೊಳ್ಳುತ್ತಿದ್ದಾರೆ? ‘ಟೇಬಲ್‌ಟಾಪ್ ಸಿಮ್ಯುಲೇಟರ್’ನಂಥ ಕಂಪ್ಯೂಟರ್ ಆಟ 2015ರಿಂದಲೂ ಇದೆ. ಕೋವಿಡ್ ಕಾಲದಲ್ಲಿ ಹಲವರು ಅದರಲ್ಲೇ ಆಡಿದರು. ಆದರೂ ಬೊಂಬೆ ಅಂಗಡಿಗಳು ಬಾಗಿಲು ಹಾಕಲಿಲ್ಲ.

ಕಾರಣ, ಈ ಹವ್ಯಾಸದ ಅರ್ಧಭಾಗ ನಡೆಯುವುದು ಪಂದ್ಯದ ಹೊರಗೆ. ಬಿಡಿಭಾಗಗಳನ್ನು ಕತ್ತರಿಸಿ ಅಂಟಿಸುವುದು, ಸಣ್ಣ ಕುಂಚದಿಂದ ಕಣ್ಣು, ಕವಚಕ್ಕೆ ಬಣ್ಣ ಹಚ್ಚುವುದು, ತನ್ನ ಪಡೆಗೊಂದು ಹೆಸರು, ಚರಿತ್ರೆ ಕಟ್ಟುವುದು. ಬಣ್ಣ ಹಚ್ಚುತ್ತಲೇ ವರ್ಷ ಕಳೆದು, ವರ್ಷಕ್ಕೊಮ್ಮೆ ಮಾತ್ರ ಆಡುವವರೂ ಇದ್ದಾರೆ. ನಮ್ಮಲ್ಲಿ ದಸರೆಗೆ ಬೊಂಬೆ ಕೂರಿಸುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜಿಯ ಕಾಲದ ಪಟ್ಟದ ಬೊಂಬೆಯ ಜಾಗದಲ್ಲಿ ಟಿ.ವಿ. ಪರದೆ ಇಟ್ಟು ಅದರ ಚಿತ್ರ ತೋರಿಸಿದರೆ ಯಾರಾದರೂ ಒಪ್ಪುತ್ತಾರೆಯೇ?

ಹೊಲೊಗ್ರಾಂ ಬೊಂಬೆಗಳನ್ನು ಓಡಿಸುತ್ತದೆ ಎಂಬ ಭಯ ಅಷ್ಟಾಗಿ ಬೇಡ. ಬೊಂಬೆ ಮೇಜಿನ ಮೇಲೇ ಇದ್ದು, ಅಳತೆ, ಹೊಗೆ, ಬೆಂಕಿ, ಗಾಯಗಳ ಲೆಕ್ಕವನ್ನು ಬೆಳಕು ತೋರಿಸುವ ಮಿಶ್ರ ಆಟವೇ ಹೆಚ್ಚು ಸಂಭವ. ಭಯ ಪಡಬೇಕಾದ ಸಂಗತಿ ಬೇರೆ ಇದೆ.

ಕೊಂಡದ್ದೋ, ಬಾಡಿಗೆಗೆ ತಂದದ್ದೋ?

2015ರಲ್ಲಿ ಗೇಮ್ಸ್ ವರ್ಕ್‌ಶಾಪ್ ತನ್ನ ಹಳೆಯ ‘ವಾರ್‌ಹ್ಯಾಮರ್’ ಆಟವನ್ನು ನಿಲ್ಲಿಸಿತು. ಕಥೆಯಲ್ಲಿ ಆ ಲೋಕವನ್ನೇ ನಾಶಮಾಡಿ, ಬೇರೊಂದು ಆಟ ತಂದಿತು. ಅಭಿಮಾನಿಗಳು ಸಿಟ್ಟಾದರು. ಆದರೆ ಅವರ ಬೊಂಬೆಗಳು ಅವರ ಕಪಾಟಿನಲ್ಲೇ ಇದ್ದವು, ನಿಯಮ ಪುಸ್ತಕವೂ ಕೈಯಲ್ಲಿತ್ತು. ಕೆಲವರು ಹಳೆಯ ನಿಯಮದಲ್ಲೇ ಆಡಿದರು, ಕೆಲವರು ಸೇರಿ ಹೊಸ ನಿಯಮ ಬರೆದುಕೊಂಡರು. 2024ರಲ್ಲಿ ಕಂಪನಿಯೇ ‘ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಆ ಲೋಕವನ್ನು ಮರಳಿ ತಂದಿತು. ಹಲವರ ಹಳೆಯ ಸೈನ್ಯ ಮತ್ತೆ ಮೇಜಿಗೇರಿತು.

ಅದೇ 2024ರ ಮಾರ್ಚ್ ಕೊನೆಗೆ ಯುಬಿಸಾಫ್ಟ್ ಕಂಪನಿ ‘ದಿ ಕ್ರ್ಯೂ’ ಎಂಬ ಕಾರ್ ರೇಸಿಂಗ್ ವಿಡಿಯೊ ಗೇಮ್‌ನ ಸರ್ವರ್ ಬಂದ್ ಮಾಡಿತು. 2014ರಲ್ಲಿ ಬಂದ ಆ ಆಟಕ್ಕೆ ಸದಾ ಇಂಟರ್ನೆಟ್ ಸಂಪರ್ಕ ಬೇಕಿತ್ತು. ಹಾಗಾಗಿ ಹಣ ಕೊಟ್ಟು ಕೊಂಡವರೂ ಮರುದಿನದಿಂದ ಅದನ್ನು ಆಡುವಂತಿರಲಿಲ್ಲ. ಇದರ ವಿರುದ್ಧ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನಕ್ಕೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ ಇನ್ನೊಂದು ದಾರಿ ಹಿಡಿಯಿತು. ಡಿಜಿಟಲ್ ವಸ್ತುವಿಗೆ ‘ಖರೀದಿಸಿ’ ಎಂಬ ಗುಂಡಿ ಇಟ್ಟು ಕೇವಲ ಪರವಾನಗಿ ಕೊಡುವುದಾದರೆ, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂಬ ಕಾನೂನು 2025ರಿಂದ ಅಲ್ಲಿ ಜಾರಿಯಲ್ಲಿದೆ.

ಈ ಎರಡು ಕಥೆಗಳ ನಡುವಿನ ಅಂತರವೇ ಹೊಲೊಗ್ರಾಂ ಆಟದ ಮುಂದಿರುವ ಸವಾಲು. ಸೈನ್ಯ ಇರುವುದು ಕಂಪನಿಯ ಸರ್ವರ್‌ನಲ್ಲಾದರೆ ಕಂಪನಿ ಮುಚ್ಚಿದ ದಿನ ಸೈನ್ಯವೂ ಮಾಯ. ಪ್ಲಾಸ್ಟಿಕ್ ಲೋಕವೂ ಪೂರ್ತಿ ಮುಗ್ಧವಲ್ಲ. ‘ವಾರ್‌ಹ್ಯಾಮರ್ 40,000’ ನಿಯಮಗಳ ಹೊಸ ಆವೃತ್ತಿ 2017, 2020, 2023ರಲ್ಲಿ ಬಂತು. ಪ್ರತಿಸಲವೂ ಹಳೆಯ ಪುಸ್ತಕ ಮೂಲೆ ಸೇರಿತು. 2021ರಲ್ಲಿ ‘ವಾರ್‌ಹ್ಯಾಮರ್ ಪ್ಲಸ್’ ಎಂಬ ಚಂದಾ ಸೇವೆಯೂ ಶುರುವಾಯಿತು. ಕಂಪನಿ ಬೆಲೆ ಏರಿಸಬಹುದು, ನಿಯಮ ಬದಲಿಸಬಹುದು. ಆದರೆ ನಮ್ಮ ಮನೆಗೆ ಬಂದು ಬೊಂಬೆ ಎತ್ತಿಕೊಂಡು ಹೋಗಲಾರದು. ಬೆಳಕಿನ ಬೊಂಬೆಯ ವಿಷಯದಲ್ಲಿ ಅದಕ್ಕೆ ಮನೆಗೆ ಬರುವ ಅಗತ್ಯವೇ ಇಲ್ಲ.

ಕೆಲಸ ಹುಡುಕುವವರಿಗೆ ಏನು ಪಾಠ?

ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. 2024–29ರ ಎವಿಜಿಸಿ–ಎಕ್ಸ್‌ಆರ್ ನೀತಿಯಲ್ಲಿ ವರ್ಚುವಲ್ ಮತ್ತು ಆಗ್ಮೆಂಟೆಡ್ ರಿಯಾಲಿಟಿಯನ್ನೂ ಸೇರಿಸಿಕೊಂಡಿದೆ. ಈ ಕ್ಷೇತ್ರದ ಕೋರ್ಸ್‌ಗಳಿಗೆ ಸೇರುವ ಯುವಜನರು ಹೊಲೊಲೆನ್ಸ್, ಕಾಸ್ಟ್‌ಎಆರ್ ಕಥೆಗಳನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಒಂದೇ ಸಾಧನವನ್ನು ನಂಬಿ ಕಲಿತ ಕೌಶಲ ಆ ಸಾಧನದ ಜೊತೆಗೇ ಹಳತಾಗುತ್ತದೆ. ಹೊಲೊಲೆನ್ಸ್ 2ಕ್ಕೆ ಭದ್ರತಾ ಅಪ್‌ಡೇಟ್ ಸಿಗುವುದು 2027ರ ಕೊನೆಯವರೆಗೆ ಮಾತ್ರ. ಬದಲಿಗೆ ಹಲವು ಕಂಪನಿಗಳ ಸಾಧನಗಳಿಗೂ ಹೊಂದುವ ‘ಓಪನ್‌ಎಕ್ಸ್‌ಆರ್’ನಂಥ ಮುಕ್ತ ಮಾನದಂಡ, ಉಚಿತವಾಗಿ ಸಿಗುವ ‘ಬ್ಲೆಂಡರ್’ನಂಥ ತಂತ್ರಾಂಶ ಕಲಿತರೆ ಕಂಪನಿ ಹೋದರೂ ವಿದ್ಯೆ ಉಳಿಯುತ್ತದೆ. ಇಂದು ಪ್ಲಾಸ್ಟಿಕ್ ಬೊಂಬೆಯ ವಿನ್ಯಾಸವೂ ಆಗುವುದು ಕಂಪ್ಯೂಟರ್‌ನಲ್ಲೇ. ಅದೇ ತ್ರೀಡಿ ಫೈಲ್ ಅಚ್ಚಾಗಬಹುದು, ತ್ರೀಡಿ ಪ್ರಿಂಟರ್‌ಗೆ ಹೋಗಬಹುದು, ಬೆಳಕಾಗಿಯೂ ಮೂಡಬಹುದು. ಆಕಾರ ಕೆತ್ತುವ ಕಣ್ಣು, ಒಳ್ಳೆಯ ನಿಯಮ ಕಟ್ಟುವ ಬುದ್ಧಿ ಇದ್ದವರಿಗೆ ಮೂರೂ ಕಡೆ ಕೆಲಸವಿದೆ.

ನಾಳೆ ಇಂಥ ಆಟಗಳನ್ನು ಕಟ್ಟುವವರೂ ಕೊಳ್ಳುವವರೂ ನಾವೇ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಇಂಟರ್ನೆಟ್ ಇಲ್ಲದೆ ಇದನ್ನು ಆಡಬಹುದೇ? ನನ್ನ ಸೈನ್ಯದ ಫೈಲ್ ನನ್ನ ಬಳಿ ಇರುತ್ತದೆಯೇ? ಕಂಪನಿ ಮುಚ್ಚಿದರೆ ಬೇರೆ ಸಾಧನದಲ್ಲಿ ಅದು ತೆರೆಯುತ್ತದೆಯೇ? ಕಟ್ಟುವಾಗ ಈ ಮೂರಕ್ಕೂ ‘ಹೌದು’ ಎನ್ನುವಂತೆ ಕಟ್ಟುವ ಹೊಣೆ ನಮ್ಮದೇ. ವೆಲ್ಸ್ ಪುಸ್ತಕ ಬರೆದು ನೂರು ವರ್ಷ ದಾಟಿದೆ. ಅದರಲ್ಲಿರುವ ಆಟವನ್ನು ಯಾರ ಅನುಮತಿಯೂ ಇಲ್ಲದೆ ಇವತ್ತೂ ಆಡಬಹುದು. ಬೆಳಕಿನ ಆಟಕ್ಕೂ ಅಷ್ಟು ಆಯುಷ್ಯ ಸಿಗಬೇಕಾದರೆ ಸೈನ್ಯದ ಒಡೆತನ ಆಟಗಾರನ ಕೈಯಲ್ಲೇ ಇರಬೇಕು.