ಷೋರೂಮಿನ ಲೆಕ್ಕ ಶಿರಾಡಿಯಲ್ಲಿ ನಡೆಯದು

ಪಾಳ್ಯ, ಆಲೂರು, ಸಕಲೇಶಪುರದ ಕಡೆ ಗಾಡಿ ಇಟ್ಟುಕೊಂಡವರಿಗೆ ಒಂದು ಚಾಳಿ ಅಂಟಿಕೊಂಡಿದೆ. ಬ್ಯಾಟರಿ ಹೇಗಿದೆ ಎಂದು ಕೇಳಿದರೆ ಕೀ ತಿರುಗಿಸಿ ಹಾರ್ನ್ ಹೊಡೆದು ತೋರಿಸುತ್ತಾರೆ. ಹಾರ್ನ್ ಎಳೆಯುವುದು ಕೆಲವೇ ಆಂಪಿಯರ್, ಸ್ಟಾರ್ಟರ್ ಎಳೆಯುವುದು ನೂರಾರು. ಸಾಯುತ್ತಿರುವ ಬ್ಯಾಟರಿಯೂ ಹಾರ್ನ್ ಹೊಡೆಯುತ್ತದೆ. ಡೀಸೆಲ್ ಟ್ರ್ಯಾಕ್ಟರಿಗೆ ಈ ಉದಾಸೀನ ನಡೆದುಹೋಯಿತು. ತೋಟದ ಇಳಿಜಾರಿನಲ್ಲಿ ಬಿಟ್ಟು ಗೇರ್ ಹಾಕಿದರೆ ಎಂಜಿನ್ ಶುರುವಾಗುತ್ತಿತ್ತು. ಬ್ಯಾಟರಿಯೇ ಎಂಜಿನ್ನಿನ ಜಾಗದಲ್ಲಿರುವ ಎಲೆಕ್ಟ್ರಿಕ್ ಲಾರಿ, ಟಿಪ್ಪರ್ ಕೊಳ್ಳುವಾಗಲೂ ಅದೇ ಚಾಳಿ ಮುಂದುವರಿದರೆ ಅದು ಮೈಗಳ್ಳತನ, ಅಷ್ಟೇ.

ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್ ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಎಲ್ಲಿ ಅಳೆದರು, ಎಷ್ಟು ಭಾರ ಹೇರಿ ಅಳೆದರು ಎಂದು ಯಾರೂ ಕೇಳುವುದಿಲ್ಲ. ಆ ಅಂಕಿ ಹೊಸ ಬ್ಯಾಟರಿಯದು, ನಿಯಮದಲ್ಲಿ ಗೊತ್ತುಮಾಡಿದ ವೇಗದ್ದು. ಅದರಲ್ಲಿ ಶಿರಾಡಿ ಘಾಟಿಯ ಮಾರನಹಳ್ಳಿ ಏರು ಇಲ್ಲ, ಆಷಾಢದ ಮಳೆ ಇಲ್ಲ.

ಲೆಕ್ಕ ಹಾಕುವುದು ಕಷ್ಟವೂ ಅಲ್ಲ. ಘಾಟಿಯ ಬುಡದ ಗುಂಡ್ಯದಿಂದ ಮೇಲಿನ ಸಕಲೇಶಪುರಕ್ಕೆ ಸುಮಾರು 750 ಮೀಟರ್ ಎತ್ತರ ಏರಬೇಕು ಎಂದಿಟ್ಟುಕೊಳ್ಳಿ. ಸರಕೂ ಸೇರಿ 28 ಟನ್ ತೂಗುವ ಗಾಡಿಯನ್ನು ಅಷ್ಟು ಮೇಲೆತ್ತಲಿಕ್ಕೇ 57 ಯೂನಿಟ್ ವಿದ್ಯುತ್ ಬೇಕು. ಟೈರಿನ ಘರ್ಷಣೆ, ಗಾಳಿಯ ತಡೆ, ಮೋಟಾರಿನ ನಷ್ಟ ಇದರ ಮೇಲೆ. ಹೈಸ್ಕೂಲಿನ ಭೌತಶಾಸ್ತ್ರ ಇದು. ಲಕ್ಷಾಂತರ ರೂಪಾಯಿ ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಇಬ್ಬರೂ ಈ ಗುಣಾಕಾರ ಮಾಡದೆ ಸಹಿ ಹಾಕುವುದು ಅಕ್ಷಮ್ಯ.

ಇಳಿಯುವಾಗಿನ ಅಪಾಯ ಇನ್ನೂ ದೊಡ್ಡದು. ಎಲೆಕ್ಟ್ರಿಕ್ ಗಾಡಿ ಇಳಿಜಾರಿನಲ್ಲಿ ಮೋಟಾರನ್ನೇ ಜನರೇಟರ್ ಮಾಡಿಕೊಂಡು ವೇಗ ತಗ್ಗಿಸುತ್ತದೆ. ಹುಟ್ಟಿದ ವಿದ್ಯುತ್ ಬ್ಯಾಟರಿಗೆ ಹೋಗಬೇಕು. ಸಕಲೇಶಪುರದಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ದೋಣಿಗಲ್ ದಾಟಿ ಘಾಟಿ ಇಳಿಯತೊಡಗಿದವನ ಬ್ಯಾಟರಿಯಲ್ಲಿ ಅದಕ್ಕೆ ಜಾಗವೆಲ್ಲಿ? ಆಗ ಮೋಟಾರಿನ ಹಿಡಿತ ತಪ್ಪುತ್ತದೆ, ಬೇರೆ ವ್ಯವಸ್ಥೆ ಇಲ್ಲದ ಗಾಡಿಯಲ್ಲಿ ಇಡೀ ಭಾರ ಬ್ರೇಕ್ ಲೈನರ್ ಮೇಲೆ ಬೀಳುತ್ತದೆ. ಹೈಬ್ರಿಡ್ ಗಾಡಿಯ ಬ್ಯಾಟರಿ ಚಿಕ್ಕದು, ಅದು ಇನ್ನೂ ಬೇಗ ತುಂಬುತ್ತದೆ. ಫುಲ್ ಚಾರ್ಜ್ ಇದ್ದರೆ ನಿಶ್ಚಿಂತೆ ಎಂಬ ಮಾತನ್ನು ಘಾಟಿಯ ನೆತ್ತಿಯಲ್ಲಿ ನಿಂತು ಆಡುವವರು ಚಾಲಕನ ಜೀವದ ಜೊತೆ ಆಡುತ್ತಿದ್ದಾರೆ.

ಇನ್ನು ಮೀಟರಿನ ಶೇಕಡಾ ಅಂಕಿ. ಅದು ಅಂದಾಜು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ಶೇ. 80ಕ್ಕೂ ಶೇ. 40ಕ್ಕೂ ವೋಲ್ಟೇಜಿನ ವ್ಯತ್ಯಾಸ ಅತ್ಯಲ್ಪ. ಹಾಗಾಗಿ ಯಂತ್ರ ಒಳಗೆ ಬಂದ, ಹೊರಗೆ ಹೋದ ಕರೆಂಟನ್ನು ಎಣಿಸುತ್ತದೆ, ಎಣಿಕೆಯ ತಪ್ಪು ದಿನೇದಿನೇ ಕೂಡುತ್ತದೆ. ಆಗಾಗ ಪೂರ್ತಿ ಚಾರ್ಜ್ ಮಾಡಿ ಅದನ್ನು ಸರಿಪಡಿಸಬೇಕು (ಹಾಸನದ ಕಡೆಗೆ ಹೊರಡುವ ಹಿಂದಿನ ರಾತ್ರಿ ಮಾಡಿ, ಘಾಟಿ ಇಳಿಯುವ ದಿನ ಬೇಡ). ಬ್ಯಾಟರಿ ಎಷ್ಟು ಸವೆದಿದೆ ಎಂಬುದನ್ನಂತೂ ಈ ಅಂಕಿ ಹೇಳುವುದೇ ಇಲ್ಲ. ಪೂರ್ತಿ ತುಂಬಿಸಿ, ಒಂದೇ ಹದದಲ್ಲಿ ಖಾಲಿ ಮಾಡಿ, ಎಷ್ಟು ಯೂನಿಟ್ ಹೊರಬಂತು ಎಂದು ಅಳೆದಾಗಲೇ ಅದು ನಿಖರವಾಗಿ ತಿಳಿಯುವುದು.

ವಾರಂಟಿ ಇದೆಯಲ್ಲ ಎನ್ನುತ್ತಾರೆ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಬ್ಸಿಡಿ ಪಡೆಯುವ ಲಾರಿಗಳ ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿಲೋಮೀಟರ್ ವಾರಂಟಿ ಕಡ್ಡಾಯ, ನಿಜ. ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ಅಳೆಯುವವರು ಯಾರು ಎಂದು ಓದಿದ್ದೀರಾ? ನಿಮ್ಮ ಕೈಯಲ್ಲಿ ಮೊದಲ ದಿನದ ಅಳತೆಯೇ ಇಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ಜಗಳವಾಡುತ್ತೀರಿ?

ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಗತಿಯೇನು? 2024ರ ಜುಲೈನಲ್ಲಿ ಇದೇ ಘಾಟಿಯ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತವು. ಅಂಥ ಸಾಲಿನಲ್ಲಿ ಸಿಕ್ಕಿಕೊಂಡ ಗಾಡಿಗೆ ಕ್ಯಾನಿನಲ್ಲಿ ಕರೆಂಟ್ ತಂದು ಸುರಿಯಲಾಗದು.

ಕೊಳ್ಳುವ ಮೊದಲು ಪೂರ್ತಿ ಭಾರ ಹೇರಿಸಿ. ಪಾಳ್ಯದಿಂದ ಗುಂಡ್ಯಕ್ಕೆ ಇಳಿಸಿ ಮತ್ತೆ ಹತ್ತಿಸಿ, ಸಾಧ್ಯವಾದರೆ ಮಳೆಯಲ್ಲೇ. ಹೋದ ಯೂನಿಟ್, ಬಂದ ಯೂನಿಟ್, ಬ್ಯಾಟರಿಯ ಬಿಸಿ, ಎಲ್ಲವನ್ನೂ ಹಾಳೆಯ ಮೇಲೆ ಬರೆಸಿ ಮಾರುವವರ ಸಹಿ ಪಡೆಯಿರಿ. ವರ್ಷಕ್ಕೊಮ್ಮೆ ಸಾಮರ್ಥ್ಯ ಅಳೆದುಕೊಡುವುದನ್ನು ಕರಾರಿನಲ್ಲೇ ಸೇರಿಸಿ. ಇದಕ್ಕೆ ಒಪ್ಪದವರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.