ಹೊಸ ಊರಿನಲ್ಲಿ ಹೊಸ ದಾದಿ

ನರ್ಸಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಣ್ಣುಮಗಳಿಗೆ ಕೆಲಸಕ್ಕೇನು ಕೊರತೆ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕಾಯಿಲೆಯಿಲ್ಲದ ಊರಿಲ್ಲ, ಆಸ್ಪತ್ರೆಯಿಲ್ಲದ ಪಟ್ಟಣವಿಲ್ಲ. ಎಲ್ಲಿಗೆ ಹೋದರೂ ಆಕೆಗೆ ಅನ್ನವುಂಟು ಎಂದು ಹಿರಿಯರು ಸಮಾಧಾನ ತಾಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಹುಬ್ಬಳ್ಳಿಯಲ್ಲಿ ಕಲಿತು, ಮದುವೆಯಾಗಿ ಮುಂಬಯಿ ಸೇರಿದ ಹುಡುಗಿ ತನ್ನ ಸರ್ಟಿಫಿಕೇಟುಗಳ ಕಟ್ಟನ್ನು ಹಿಡಿದು ಆಸ್ಪತ್ರೆಯ ಮೆಟ್ಟಿಲೇರಿದಾಗ, ಅಲ್ಲಿ ಮೊದಲು ಕೇಳುವುದು ಅಂಕಗಳನ್ನಲ್ಲ, "ಈ ರಾಜ್ಯದ ಕೌನ್ಸಿಲಿನಲ್ಲಿ ನಿಮ್ಮ ಹೆಸರು ದಾಖಲಾಗಿದೆಯೆ?" ಎಂಬುದನ್ನು.

ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. ದಾದಿಯರ ಹೆಸರನ್ನು ಕಾನೂನಿನ ಪ್ರಕಾರ ದಾಖಲಿಸುವ ಪದ್ಧತಿ ನಮ್ಮ ದೇಶದಲ್ಲಿ ಪ್ರಾಂತಗಳಿಂದ ಆರಂಭವಾಯಿತು. ಮದ್ರಾಸು ಪ್ರಾಂತದ ಕಾನೂನು 1926ರಷ್ಟು ಹಿಂದಿನದು. ಪ್ರಾಂತಕ್ಕೊಂದು ಪಠ್ಯಕ್ರಮ, ಪ್ರಾಂತಕ್ಕೊಂದು ರಿಜಿಸ್ಟರು ಎಂಬಂತಿದ್ದ ಕಾಲದಲ್ಲಿ ಒಂದೆಡೆ ಕಲಿತವಳು ಇನ್ನೊಂದೆಡೆ ಪರಕೀಯಳಾಗುತ್ತಿದ್ದಳು. ಈ ತೊಡಕನ್ನು ನಿವಾರಿಸುವುದಕ್ಕಾಗಿ 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾನೂನು ಬಂದಿತು. ಆ ಕೌನ್ಸಿಲು ಮಾನ್ಯಮಾಡಿದ ಅರ್ಹತೆ ಯಾವ ರಾಜ್ಯದ ರಿಜಿಸ್ಟರಿಗೂ ಸಾಕು ಎಂಬುದೇ ಅದರ ತಿರುಳು. 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ವೃತ್ತಿ ಆಯೋಗದ ಕಾನೂನು ಇಡೀ ದೇಶಕ್ಕೊಂದು ರಿಜಿಸ್ಟರನ್ನು ಕಲ್ಪಿಸಿದೆ. ಆದರೂ ಅರ್ಹತೆ ದೇಶಕ್ಕೆಲ್ಲ ಸಲ್ಲುವುದು ಬೇರೆ, ಹೆಸರು ಹೊಸ ರಾಜ್ಯದ ಪುಸ್ತಕವನ್ನು ಸೇರುವುದು ಬೇರೆ. ನಾಣ್ಯ ಸಾಚಾ ಆದರೂ ಗಲ್ಲೆಯ ಮೇಲೆ ಅದನ್ನು ಎಣಿಸಿಯೇ ಪಡೆಯುತ್ತಾರಷ್ಟೆ.

ಆದುದರಿಂದ ಊರು ಬಿಡುವ ಮುನ್ನವೇ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರನ್ನು ದಾಖಲು ಮಾಡಿಸಿಕೊಂಡೇ ಹೊರಡಬೇಕು. ಮದುವೆಯ ಗಡಿಬಿಡಿಯಲ್ಲಿ ಇದನ್ನು ಮುಂದಕ್ಕೆ ಹಾಕಿದವರು ಆಮೇಲೆ ಮುಂಬಯಿಯಿಂದ ಬೆಂಗಳೂರಿಗೆ ಪತ್ರ ಬರೆಯುತ್ತ ತಿಂಗಳುಗಳನ್ನು ಕಳೆಯುತ್ತಾರೆ. ಇಲ್ಲಿಯ ದಾಖಲೆ ಇದ್ದರೆ, ಇಲ್ಲಿಂದ ನಿರಾಕ್ಷೇಪಣ ಪತ್ರವೂ ದೃಢೀಕರಣವೂ ಅಲ್ಲಿಯ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿಗೆ ಹೋಗಿ, ಅದರ ಆಧಾರದ ಮೇಲೆ ಆಕೆಯ ಹೆಸರು ಅಲ್ಲಿಯ ರಿಜಿಸ್ಟರಿಗೆ ಏರುತ್ತದೆ.

ಹೆಸರಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಎಷ್ಟೋ ಮಂದಿಗೆ ಹೆಸರಿನ ಜೊತೆಗೆ ಒಂದೆರಡು ಇನಿಷಿಯಲ್ಲುಗಳು ಮಾತ್ರ. ಮನೆತನದ ಹೆಸರೇ ಇಲ್ಲ. ಮಹಾರಾಷ್ಟ್ರದ ಅರ್ಜಿಗಳಾದರೋ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಮನೆಗಳನ್ನು ತೆರೆದಿಡುತ್ತವೆ. ಒಂದು ಕಾಗದದಲ್ಲಿ ಇನಿಷಿಯಲ್ಲು ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಗಂಡನ ಹೆಸರು ಎಂದಾದರೆ ಗುಮಾಸ್ತನಿಗೆ ಮೂವರು ಹೆಂಗಸರು ಕಾಣುತ್ತಾರೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಎಲ್ಲ ಕಡೆಗೂ ಬಳಸಿ, ಹೆಸರು ಬದಲಾಯಿಸುವ ಆಸೆಯಿದ್ದರೆ ರಿಜಿಸ್ಟರಿನ ಕೆಲಸ ಮುಗಿದ ಮೇಲೆ ಬದಲಾಯಿಸುವುದು ಲೇಸು. ವಿವಾಹ ನೋಂದಣಿಯ ಪತ್ರವಂತೂ ಕೈಯಲ್ಲಿರಲೇಬೇಕು.

ಕಾಗದಗಳು ಓಡಾಡುವ ಈ ಅವಧಿಯೇ ನಿಜವಾದ ಪರೀಕ್ಷೆ. "ಈಗೇನು ಅವಸರ? ಮೊದಲು ಮನೆ ನೆಲೆಯಾಗಲಿ" ಎಂದು ಅತ್ತೆಯವರು ಪ್ರೀತಿಯಿಂದಲೇ ಹೇಳಬಹುದು. ಒಂದು ತಿಂಗಳು ಆರಾಗುತ್ತದೆ, ಆರು ಹನ್ನೆರಡಾಗುತ್ತದೆ. ಬೇರೆ ಓದಿಗೂ ದಾದಿಯ ಓದಿಗೂ ಇಲ್ಲಿ ವ್ಯತ್ಯಾಸವಿದೆ. ಆಕೆಯ ವಿದ್ಯೆ ಅರ್ಧ ತಲೆಯಲ್ಲಿ, ಅರ್ಧ ಬೆರಳುಗಳಲ್ಲಿ. ರಕ್ತನಾಳವನ್ನು ಮುಟ್ಟಿ ಗುರುತಿಸುವ ಬೆರಳು ಬಳಕೆ ತಪ್ಪಿದರೆ ಬೇಗ ಮರೆಯುತ್ತದೆ. ವರ್ಷ ಕಳೆದ ಮೇಲೆ ಸಂದರ್ಶನಕ್ಕೆ ಹೋದರೆ, "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಮನೆಯವರು ಆಕೆಯ ಕಾಗದಪತ್ರಗಳ ಓಡಾಟವನ್ನೂ ಮನೆಯ ಕೆಲಸಗಳಲ್ಲೊಂದೆಂದು ಭಾವಿಸಿದರೆ, ಎಷ್ಟೋ ವರ್ಷಗಳ ಓದು ವ್ಯರ್ಥವಾಗದೆ ಉಳಿಯುತ್ತದೆ.

ಇದಕ್ಕೆ ವಿರುದ್ಧವಾದ ಅವಸರವೂ ಒಂದುಂಟು. ಮನೆಯ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನವರು, "ರಿಜಿಸ್ಟರು ಆಮೇಲೆ ನೋಡೋಣ, ನಾಳೆಯಿಂದಲೇ ಬನ್ನಿ" ಎನ್ನುತ್ತಾರೆ. ಮೂಲ ಸರ್ಟಿಫಿಕೇಟುಗಳನ್ನು ತಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುವುದಾಗಿಯೂ ಹೇಳುತ್ತಾರೆ. ಎರಡಕ್ಕೂ ವಿನಯದಿಂದ ಇಲ್ಲವೆನ್ನಬೇಕು. ಹೆಸರು ದಾಖಲಾಗದೆ ದಾದಿಯ ಹೊಣೆ ಹೊತ್ತವಳಿಗೆ, ಏನಾದರೂ ಎಡವಟ್ಟಾದ ದಿನ ಕಾನೂನಿನ ಆಸರೆಯಿಲ್ಲ. ಮೂಲ ಪತ್ರಗಳನ್ನು ತೋರಿಸಿ, ನಕಲನ್ನು ಕೊಟ್ಟು, ಮೂಲವನ್ನು ಹಿಂದಕ್ಕೆ ತರುವುದೇ ಕ್ರಮ. ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವ ಮಧ್ಯಸ್ಥನನ್ನು ಬಾಗಿಲಿನಿಂದಲೇ ಕಳುಹಿಸಬಹುದು.

ಸಂಬಳದ ಮಾತನ್ನು ಆಡಲು ಹೊಸಬರು ನಾಚುತ್ತಾರೆ, ನಾಚಬೇಕಾಗಿಲ್ಲ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳ ದಾದಿಯರಿಗಾಗಿ ಒಂದು ಅಳತೆಯನ್ನು ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರದ ದಾದಿಯಷ್ಟೇ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡ 10ಕ್ಕೆ ಮೀರದಷ್ಟು ಕಡಿಮೆ. 50ರಿಂದ 100ರವರೆಗಿದ್ದರೆ ಶೇಕಡ 25ಕ್ಕೆ ಮೀರದಷ್ಟು ಕಡಿಮೆ. ಅದಕ್ಕೂ ಸಣ್ಣ ಆಸ್ಪತ್ರೆಯಲ್ಲಿ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದಂತೆ. ಇದು ಶಿಫಾರಸು, ಇದನ್ನು ಕಾರ್ಯಗತಗೊಳಿಸುವುದು ರಾಜ್ಯಗಳಿಗೆ ಬಿಟ್ಟದ್ದು. ಆದುದರಿಂದ ಎಲ್ಲೆಡೆಯೂ ಹೀಗೆಯೇ ದೊರೆಯುತ್ತದೆಂಬ ಭರವಸೆಯಿಲ್ಲ. ಆದರೂ ತನ್ನ ದುಡಿಮೆಯ ಬೆಲೆ ಏನೆಂದು ತಿಳಿದವಳು ಮೇಜಿನ ಎದುರು ಕುಳಿತಾಗ ತಲೆ ತಗ್ಗಿಸುವುದಿಲ್ಲ.

ಆದರೆ ಮೊದಲ ಕೆಲಸವನ್ನು ಆರಿಸುವಾಗ ಸಂಬಳಕ್ಕಿಂತಲೂ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಇನ್ನೊಂದು: "ಮೊದಲ ತಿಂಗಳುಗಳಲ್ಲಿ ನನ್ನ ಜೊತೆಗೆ ಯಾರಿರುತ್ತಾರೆ?" ಹೊಸದಾಗಿ ತೇರ್ಗಡೆಯಾದ ದಾದಿಗೆ ತಿಳಿವಳಿಕೆಯಿರುತ್ತದೆ, ಪಳಗಿದ ಕಣ್ಣಿರುವುದಿಲ್ಲ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದು ಸೂತ್ರಗಳನ್ನು ಆಕೆ ಬಾಯಿಪಾಠ ಮಾಡಿರುತ್ತಾಳೆ. 500 ಮಿಲಿಲೀಟರು ಸಲೈನು 4 ಗಂಟೆಯಲ್ಲಿ ಹೋಗಬೇಕು, ಮಿಲಿಲೀಟರಿಗೆ 15 ಹನಿ ಬೀಳುವ ನಳಿಕೆ ಎಂದರೆ, 7500 ಹನಿಗಳನ್ನು 240 ನಿಮಿಷಗಳಿಗೆ ಹಂಚಿ ನಿಮಿಷಕ್ಕೆ ಸುಮಾರು 31 ಹನಿ ಎಂದು ಸಂದರ್ಶನದಲ್ಲಿ ಥಟ್ಟನೆ ಹೇಳಲೂಬಲ್ಲಳು. ಆದರೆ ನಡುರಾತ್ರಿಯಲ್ಲಿ ಮೂವರು ರೋಗಿಗಳು ಒಟ್ಟಿಗೆ ಕರೆದಾಗ ಯಾರ ಬಳಿಗೆ ಮೊದಲು ಹೋಗಬೇಕೆಂಬುದನ್ನು ಪುಸ್ತಕ ಕಲಿಸುವುದಿಲ್ಲ. ಪಕ್ಕದಲ್ಲಿರುವ ಹಿರಿಯ ಸಿಸ್ಟರು ಕಲಿಸುತ್ತಾಳೆ. ಎರಡು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಮೊದಲ ವಾರವೇ ಇಡೀ ವಾರ್ಡನ್ನು ಒಬ್ಬಳ ಕೈಗೆ ಒಪ್ಪಿಸುವ ಆಸ್ಪತ್ರೆಗಿಂತ, ಕಡಿಮೆ ಕೊಟ್ಟರೂ ಕೈಹಿಡಿದು ನಡೆಸುವ ಆಸ್ಪತ್ರೆ ಮೇಲು. ರೋಗಿಯ ಪ್ರಾಣವೂ ಆಕೆಯ ಹೆಸರೂ ಈ ಆಯ್ಕೆಯನ್ನೇ ನೆಚ್ಚಿರುತ್ತವೆ.

ಭಾಷೆಯ ಮಾತು ಬೇರೆಯೇ ಇದೆ. ಡಾಕ್ಟರ ಜೊತೆಗೆ ಇಂಗ್ಲಿಷು ಸಾಕು, ಅಂಗಡಿಗೆ ಹಿಂದಿ ಸಾಕು. ನೋವಿಗೆ ಮಾತ್ರ ತಾಯಿನುಡಿಯೇ ಬೇಕು. ಮುಪ್ಪಿನ ಹೆಂಗಸು "ಛಾತೀತ್ ದುಖತೆ" ಎಂದು ಮೆಲ್ಲಗೆ ನುಡಿದಾಗ ಅದು ಎದೆನೋವೆಂದು ಆ ಕ್ಷಣವೇ ಹೊಳೆಯಬೇಕು; "ಚಕ್ಕರ್ ಯೇತೆ" ಎಂದರೆ ತಲೆಸುತ್ತು ಬಂದು ಬೀಳುವ ಮೊದಲೇ ಆಕೆಯ ತೋಳು ಹಿಡಿಯಬೇಕು. ಕಾಗದಗಳಿಗಾಗಿ ಕಾಯುವ ದಿನಗಳಲ್ಲಿ ನೆರೆಮನೆಯವರೊಡನೆ ದಿನವೂ ಅರ್ಧ ಗಂಟೆ ಮರಾಠಿಯಲ್ಲಿ ಮಾತನಾಡಿದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಕನ್ನಡ ಬಲ್ಲವರಿಗೆ ಅದು ಅಷ್ಟೇನೂ ದುಸ್ತರವಲ್ಲ; ನಮ್ಮ ಅಜ್ಜಿಗೂ ಅವರ ಆಜೀಗೂ ಬಹಳ ದೂರವಿಲ್ಲ.

ಮುಂದಿನ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗಳಿಗೆ 2020ರಿಂದ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಬಿ.ಎಸ್‌ಸಿ. ನರ್ಸಿಂಗ್ ಆದವರಿಗೆ ಅನುಭವದ ನಿಬಂಧನೆಯಿಲ್ಲ, ಜಿ.ಎನ್.ಎಂ. ಆದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಗೌರವದ್ದೇ ಆದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿ ಸೇರಿದರೂ ನೇಮಕದ ಪತ್ರವನ್ನೂ ಬಿಡುವಾಗ ಅನುಭವದ ಪತ್ರವನ್ನೂ ಲಿಖಿತವಾಗಿ ಪಡೆಯುವುದನ್ನು ಮರೆಯಬಾರದು.

ಕೊನೆಯದಾಗಿ, ಮನೆಗೂ ಆಸ್ಪತ್ರೆಗೂ ಇರುವ ದೂರ. ಡೊಂಬಿವಿಲಿಯಲ್ಲಿ ಮನೆ, ಪರೇಲಿನಲ್ಲಿ ಆಸ್ಪತ್ರೆ ಎಂದರೆ ಹಗಲಿನ ಲೆಕ್ಕ ಒಂದು, ರಾತ್ರಿಯ ಲೆಕ್ಕ ಇನ್ನೊಂದು. ನಡುರಾತ್ರಿ ಕಳೆದ ಮೇಲೆ ಕೆಲವು ಗಂಟೆ ಲೋಕಲ್ ರೈಲೂ ವಿಶ್ರಮಿಸುತ್ತದೆ. ಪಾಳಿ ಬದಲಾಗುವ ವೇಳೆ ಯಾವುದು, ತಡವಾದರೆ ತಂಗಲು ಹಾಸ್ಟೆಲಿನಲ್ಲಿ ಜಾಗವಿದೆಯೆ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಕೇಳಬೇಕು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದ ಸೊಸೆ ಹಗಲು ಮಲಗಿದರೆ ಅದು ಸೋಮಾರಿತನವಲ್ಲ. ಆಕೆ ಎಚ್ಚರವಾಗಿದ್ದುದರಿಂದಲೇ ಎಷ್ಟೋ ಮನೆಗಳವರು ಆ ರಾತ್ರಿ ನಿಶ್ಚಿಂತೆಯಿಂದ ನಿದ್ರಿಸಿದ್ದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ರೇಡಿಯೊವಿನ ಸದ್ದನ್ನು ತುಸು ತಗ್ಗಿಸಿದರೆ ಮನೆಯವರ ಪಾಲಿನ ಸೇವೆಯೂ ಸಂದಂತಾಗುತ್ತದೆ.