ಬೆಂಗಳೂರಿನ ಸಲಹೆ, ಬೀಚನಹಳ್ಳಿಯ ಗೋಡೆ

ಕಬಿನಿ ಜಲಾಶಯದಿಂದಾಗಿ ಹೆಸರಾದ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ನನ್ನ ದೊಡ್ಡಪ್ಪನ ಮನೆಯಿದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳ ಹಳೆಯ ಮನೆ. ವೈ-ಫೈ ರೂಟರ್ ಇರುವುದು ಜಗುಲಿಯ ಪಕ್ಕದ ಕೋಣೆಯಲ್ಲಿ, ಟಿ.ವಿ. ಇರುವುದು ನಡುಮನೆಯಲ್ಲಿ, ನಡುವೆ ಎರಡು ಗೋಡೆ. ಕಳೆದ ಗೌರಿ ಹಬ್ಬಕ್ಕೆ ಹೋದಾಗ ಆ ಟಿ.ವಿ.ಗೆ ಸ್ಟ್ರೀಮಿಂಗ್ ಸಾಧನವೊಂದನ್ನು ಜೋಡಿಸಿಕೊಟ್ಟವನು ನಾನೇ. ರೂಟರ್‌ನ ಎರಡು ಬ್ಯಾಂಡ್‌ಗಳಲ್ಲಿ 5 ಗಿಗಾಹರ್ಟ್ಸ್‌ನದನ್ನು ಆರಿಸಿ, ‘ಇದೇ ವೇಗದ್ದು’ ಎಂದು ಹೇಳಿ ಬೆಂಗಳೂರಿಗೆ ಮರಳಿದೆ.

ದಸರಾ ಮೆರವಣಿಗೆಯ ನೇರಪ್ರಸಾರದ ದಿನ ಅಂಬಾರಿ ಹೊತ್ತ ಆನೆ ಅರಮನೆಯ ಅಂಗಳದಲ್ಲೇ ನಿಂತುಬಿಟ್ಟಿತೆಂದು ದೊಡ್ಡಮ್ಮ ಫೋನಿನಲ್ಲಿ ನಕ್ಕರು. ದೂರು ಕೊಟ್ಟಾಗ ಸಂಪರ್ಕ ಒದಗಿಸಿದವರು ರೂಟರ್ ಪಕ್ಕದಲ್ಲೇ ನಿಂತು ವೇಗ ಅಳೆದು, ಇನ್ನೂ ದುಬಾರಿಯಾದ ಯೋಜನೆಯನ್ನು ಸೂಚಿಸಿದರು. ಪಿಂಚಣಿಯಲ್ಲಿ ಬದುಕುವ ದೊಡ್ಡಪ್ಪ ಮೂರು ತಿಂಗಳು ಹೆಚ್ಚುವರಿ ಹಣ ಕಟ್ಟಿದರು. ಚಿತ್ರ ಮಾತ್ರ ಮೊದಲಿನಂತೆಯೇ ನಿಂತು ನಿಂತು ಬರುತ್ತಿತ್ತು.

ಮೂಲ ತಪ್ಪು ನನ್ನದು. 5 ಗಿಗಾಹರ್ಟ್ಸ್‌ನ ಅಲೆ ಸುಮಾರು 6 ಸೆಂಟಿಮೀಟರ್ ಉದ್ದದ್ದು, 2.4ರದು ಸುಮಾರು 12. ಮೊದಲನೆಯದು ಹೆಚ್ಚು ಮಾಹಿತಿಯನ್ನು ಹೊರುತ್ತದೆ, ಆದರೆ ದಪ್ಪ ಗೋಡೆಗಳಲ್ಲಿ ಬೇಗ ಸೊರಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ನನ್ನ ಸಲಹೆ ಸರಿಯೇ ಆಗಿತ್ತು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ—1, 6 ಮತ್ತು 11. ಅಷ್ಟರಲ್ಲೇ ಅಕ್ಕಪಕ್ಕದ ಹತ್ತಾರು ಮನೆಗಳ ರೂಟರ್‌ಗಳು, ಬ್ಲೂಟೂತ್, ಸಾಲದ್ದಕ್ಕೆ ಮೈಕ್ರೋವೇವ್ ಒಲೆ ಎಲ್ಲವೂ ನುಗ್ಗಾಡುತ್ತವೆ. ಭಾರತದಲ್ಲಿ 2018ರಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 5 ಗಿಗಾಹರ್ಟ್ಸ್ ತರಂಗಾಂತರವನ್ನು ವಿಸ್ತರಿಸಿದ್ದು ನಗರವಾಸಿಗಳಿಗೆ ದೊಡ್ಡ ಅನುಕೂಲ. ಬೀಚನಹಳ್ಳಿಯ ಆ ಮನೆಗಾದರೋ ತೋಟದಾಚೆಗೆ ಒಂದೇ ನೆರೆಮನೆ! ಅಲ್ಲಿ 2.4ರ ಹಾದಿ ಬಹುಪಾಲು ಖಾಲಿ. ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್‌ನಷ್ಟು ವೇಗ ಸಾಕು. ಅದನ್ನು ಈ ‘ನಿಧಾನದ’ ಬ್ಯಾಂಡ್ ನಿರಾಯಾಸವಾಗಿ ಹೊರುತ್ತದೆ.

ಸಂಕ್ರಾಂತಿಗೆ ಹೋದಾಗ ಬ್ಯಾಂಡ್ ಬದಲಿಸಿದೆ. ಎರಡು ನಿಮಿಷದ ಕೆಲಸ. ಚಿತ್ರ ಮತ್ತೆ ನಿಲ್ಲಲಿಲ್ಲ.

ರೂಟರ್ ಮತ್ತು ಟಿ.ವಿ. ಒಂದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಇರಲಿ. ಕೇಬಲ್ ಎಳೆಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಆದರೆ ಇದನ್ನೆಲ್ಲ ಎಪ್ಪತ್ತು ದಾಟಿದವರು ತಾವಾಗಿಯೇ ತಿಳಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹೆಚ್ಚಿನ ವೇಗವನ್ನು ಮಾರುವ ಮೊದಲು ಟಿ.ವಿ.ಯ ಮುಂದೆ ನಿಂತು ಎರಡೂ ಬ್ಯಾಂಡ್‌ಗಳಲ್ಲಿ ವೇಗ ಅಳೆದು ತೋರಿಸುವುದನ್ನು ಸಂಪರ್ಕ ಕೊಡುವವರ ಕರ್ತವ್ಯವೆಂದೇ ವಿಧಿಸಬೇಕು.

‘ಹಾಗಾದರೆ ಆ ಮೂರು ತಿಂಗಳ ದುಡ್ಡು?’ ಎಂದು ದೊಡ್ಡಪ್ಪ ಕೇಳಿದರು. ನಾನು ರೂಟರ್ ಕಡೆ ನೋಡುತ್ತಾ ಕುಳಿತೆ.